ಖಾಸಗಿ ಸೌಂದರ್ಯ ಮತ್ತು ಸಣ್ಣ ಶಸ್ತ್ರಚಿಕಿತ್ಸಾ ಕ್ಲಿನಿಕ್ಕುಗಳ ನಿಯಂತ್ರಣ: ದೌಂಡ ಹಾಗೂ ಪುಣೆ ಜಿಲ್ಲೆ

ರೋಗಿ ಬೆಳಿಗ್ಗೆ ಬಂದು ಸಂಜೆಯೊಳಗೆ ಮನೆಗೆ ಮರಳುವಂಥ ಶಸ್ತ್ರಚಿಕಿತ್ಸೆಗಳನ್ನೂ ರೂಪ ತಿದ್ದುವ ಚಿಕಿತ್ಸೆಗಳನ್ನೂ ನಡೆಸುವ ಖಾಸಗಿ ಕ್ಲಿನಿಕ್ಕುಗಳ ಮೇಲೆ ಕಾನೂನು, ವೈದ್ಯ ಮಂಡಳಿ ಮತ್ತು ನ್ಯಾಯಾಲಯಗಳಿಗಿರುವ ಹಿಡಿತವೇ ಈ ಲೇಖನದ ವಿಷಯ. ಮಹಾರಾಷ್ಟ್ರದಲ್ಲಿ ಈ ಹಿಡಿತ ಬಹುಮಟ್ಟಿಗೆ 1949ರ ಕಾನೂನೊಂದನ್ನು ನೆಚ್ಚಿಕೊಂಡಿದೆ. ರೋಗಿ ಹಾಸಿಗೆಯ ಮೇಲೆ ಮಲಗಿ ಶುಶ್ರೂಷೆ ಪಡೆಯುತ್ತಾನೆ ಎಂಬ ಕಲ್ಪನೆಯ ಮೇಲೆ ಬರೆದ ಕಾನೂನು ಅದು. ಕುರ್ಚಿಯಲ್ಲಿ ಕೂತು ಕೂದಲು ನೆಡಿಸಿಕೊಂಡು ಎದ್ದು ಹೋಗುವವನನ್ನು ಅದು ಎಣಿಸಿರಲಿಲ್ಲ. ಜಿಲ್ಲಾ ಕೇಂದ್ರದಿಂದ ದೂರ ಉಳಿದ ದೌಂಡದಂಥ ತಾಲ್ಲೂಕು ಪಟ್ಟಣಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ.

ವ್ಯಾಪ್ತಿ

ಇಲ್ಲಿ ಎರಡು ಬಗೆಯ ಕೆಲಸಗಳು ಬೆರೆತಿವೆ. ಕೊಬ್ಬಿನ ಗಂಟು ಕೀಳುವುದು, ನರಹುಲಿ ಸುಡುವುದು, ಭಾರದ ಓಲೆಗೆ ಹರಿದ ಕಿವಿಹಾಲೆ ಹೊಲಿಯುವುದು, ಉಗುರುಸುತ್ತು ಬಿಡಿಸುವುದು, ಕುರು ಸೀಳುವುದು, ಮೂಲವ್ಯಾಧಿಗೆ ಬ್ಯಾಂಡ್ ಹಾಕುವುದು, ಸುನ್ನತಿ ಮಾಡುವುದು: ಇವೆಲ್ಲ ಸಣ್ಣ ಶಸ್ತ್ರಚಿಕಿತ್ಸೆಗಳು. ಕೂದಲು ನೆಡುವುದು, ಹೊಟ್ಟೆ ತೊಡೆಗಳ ಕೊಬ್ಬು ಹೀರಿ ತೆಗೆಯುವುದು, ಲೇಸರಿನಿಂದ ರೋಮ ಅಥವಾ ಕಲೆ ತೆಗೆಯುವುದು, ಬೋಟಾಕ್ಸ್ ಮತ್ತು ಫಿಲ್ಲರ್ ಚುಚ್ಚುವುದು, ಮೊಡವೆ ಗುಳಿಗೆ ಸೂಜಿ ಆಡಿಸುವುದು: ಇವು ಸೌಂದರ್ಯ ಚಿಕಿತ್ಸೆಗಳು. ಮೊದಲನೆಯ ಗುಂಪಿನವನು ನೋವಿನಿಂದ ಬರುತ್ತಾನೆ, ಎರಡನೆಯವನು ಆಸೆಯಿಂದ. ಆದರೆ ಚರ್ಮ ಸೀಳುವ ಉಪಕರಣ, ಮರಗಟ್ಟಿಸುವ ಮದ್ದು, ಸೋಂಕಿನ ಭಯ ಇಬ್ಬರಿಗೂ ಒಂದೇ. ಕಾನೂನಿನ ಕಣ್ಣಿಗೆ ಮಾತ್ರ ಇವರಿಬ್ಬರೂ ಬೇರೆ ಬೇರೆ.

ಮೂಗಿನ ಕಥೆ

ರೂಪ ತಿದ್ದುವ ಶಸ್ತ್ರಚಿಕಿತ್ಸೆಯ ಆಧುನಿಕ ಇತಿಹಾಸದಲ್ಲಿ ಪುಣೆಗೂ ಶ್ರೀರಂಗಪಟ್ಟಣಕ್ಕೂ ಒಂದು ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಕಳೆದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳು ಅಚ್ಚನ್ನು ಹಣೆಯ ಮೇಲೆ ಹರಡಿ ಗುರುತು ಹಾಕಿ, ಅಷ್ಟಗಲದ ಚರ್ಮವನ್ನು ಹುಬ್ಬುಗಳ ನಡುವೆ ಬುಡ ಬಿಡದಂತೆ ಎಬ್ಬಿಸಿ, ತಿರುಚಿ ಕೆಳಗಿಳಿಸಿ ಕೂರಿಸುವ ಕ್ರಮ ಅದು. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಈ ಕೆಲಸದ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಚಿತ್ರದೊಂದಿಗೆ ಅಚ್ಚಾಯಿತು. ಅದನ್ನೋದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಕ್ರಮವನ್ನು ಲಂಡನ್ನಿನಲ್ಲಿ ಪ್ರಯೋಗಿಸಿದ. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿವರ ಇದ್ದರೂ ಯುರೋಪಿಗೆ ಹಣೆಯ ಚರ್ಮದ ಈ ಕ್ರಮ ತಲಪಿದ್ದು ಪುಣೆಯ ಈ ಇಟ್ಟಿಗೆಯವನ ಕೈಯಿಂದ.

ಅವನ ಬಳಿ ಪರವಾನಗಿ ಇರಲಿಲ್ಲ. ಮನೆತನದ ಹೆಸರೇ ಅವನ ನೋಂದಣಿ. ಕೆಟ್ಟ ಮೂಗು ಕಟ್ಟಿದರೆ ಅದು ಊರೆಲ್ಲ ತಿರುಗಾಡಿ ಅವನ ಹೆಸರು ಕೆಡಿಸುತ್ತಿತ್ತು. ಈ ಕಡಿವಾಣವೂ ಸಣ್ಣದಲ್ಲ. ಚಿಕಿತ್ಸೆಯ ಗುಟ್ಟನ್ನು ಮನೆಯವರಿಂದಲೂ ಬಚ್ಚಿಡುವ ಇಂದಿನ ಸೌಂದರ್ಯ ಕ್ಲಿನಿಕ್ಕಿನಲ್ಲಿ ಅದೂ ಇಲ್ಲ. ಸ್ವತಂತ್ರ ಭಾರತದಲ್ಲಿ ಈ ವಿದ್ಯೆಗೆ ಪ್ರತ್ಯೇಕ ವಿಭಾಗ ತೆರೆದದ್ದೂ ಇಂದಿನ ಮಹಾರಾಷ್ಟ್ರದಲ್ಲೇ: 1958ರಲ್ಲಿ, ನಾಗಪುರದ ವೈದ್ಯಕೀಯ ಕಾಲೇಜಿನಲ್ಲಿ, ಡಾ. ಸಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ.

1949ರ ಕಾನೂನು

ಮುಂಬಯಿ ಪ್ರಾಂತದ ನರ್ಸಿಂಗ್ ಹೋಮ್ ನೋಂದಣಿ ಕಾನೂನು ಬಂದಾಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲವೂ ದೌಂಡದೊಂದಿಗೆ ಅದೇ ಪ್ರಾಂತದಲ್ಲಿದ್ದವು. 1956ರ ರಾಜ್ಯ ಮರುವಿಂಗಡಣೆಯ ನಂತರ ದಾರಿಗಳು ಬೇರೆಯಾದವು. ಕರ್ನಾಟಕ 1976ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು, 2007ರಲ್ಲಿ ಅದನ್ನೂ ಬದಲಿಸಿತು. ಮಹಾರಾಷ್ಟ್ರ ಹಳೆಯ ಕಾನೂನಿನ ಹೆಸರಿನ ಮುಂದಿನ ಮುಂಬಯಿಯನ್ನು ಮಹಾರಾಷ್ಟ್ರವಾಗಿಸಿ, ಅಲ್ಲಲ್ಲಿ ತಿದ್ದಿ ಇಂದಿಗೂ ಬಳಸುತ್ತಿದೆ.

ಆ ಕಾನೂನಿನ ತಿರುಳು ಅದರ ವ್ಯಾಖ್ಯೆಯಲ್ಲಿದೆ. ರೋಗ, ಗಾಯ ಅಥವಾ ಅಶಕ್ತತೆಯಿಂದ ಬಳಲುವವರನ್ನು ಬರಮಾಡಿಕೊಂಡು ಅವರಿಗೆ ಚಿಕಿತ್ಸೆಯನ್ನೂ ಶುಶ್ರೂಷೆಯನ್ನೂ ಒದಗಿಸುವ ಕಟ್ಟಡವೇ ನರ್ಸಿಂಗ್ ಹೋಮ್. ಹೆರಿಗೆ ಮನೆಯೂ ಇದರಲ್ಲಿ ಸೇರಿದೆ. ಈ ಮಾತುಗಳನ್ನು ಒಂದೊಂದಾಗಿ ಹಿಡಿದು ನೋಡಿದರೆ ತೊಡಕು ತಿಳಿಯುತ್ತದೆ. ಬೋಳುತಲೆ ರೋಗವೇ? ಗಾಯವೇ? ಅಶಕ್ತತೆಯೇ? ಒಂದು ಗಂಟೆ ಮಲಗಿಸಿ ಪಟ್ಟಿ ಕಟ್ಟಿ ಕಳಿಸಿದರೆ ಅದು ಶುಶ್ರೂಷೆಯೇ? ಹಾಸಿಗೆಯಿಲ್ಲದ ಕ್ಲಿನಿಕ್ ನಡೆಸುವವನು ಈ ನಾಲ್ಕೂ ಪ್ರಶ್ನೆಗೆ ಇಲ್ಲವೆನ್ನಬಹುದು, ಅನ್ನುತ್ತಾನೆ ಕೂಡ. ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆ ನಡೆಸುವವರು ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ದಾದಿಯರ ಅರ್ಹತೆ ತೋರಿಸಬೇಕು, ಅಗ್ನಿ ಸುರಕ್ಷತೆಯ ಪತ್ರ ಒಪ್ಪಿಸಬೇಕು. ಪಕ್ಕದ ಮಳಿಗೆಯಲ್ಲಿ ಕೊಬ್ಬು ಹೀರುವ ಕ್ಲಿನಿಕ್ಕಿಗೆ ಇಷ್ಟು ಕಾಟವಿಲ್ಲ.

2021ರ ಜನವರಿಯಲ್ಲಿ ಬಂದ ತಿದ್ದುಪಡಿ ನಿಯಮಗಳು ಆಸ್ಪತ್ರೆಗಳ ಮಟ್ಟಿಗೆ ಒಳ್ಳೆಯ ಹೆಜ್ಜೆ. ರೋಗಿಯ ಹಕ್ಕುಗಳ ಸನದನ್ನೂ ದರಪಟ್ಟಿಯನ್ನೂ ಕಾಣುವ ಕಡೆ ಹಾಕಬೇಕು; ಬಾಕಿ ಹಣಕ್ಕಾಗಿ ಹೆಣ ಹಿಡಿದಿಟ್ಟುಕೊಳ್ಳಕೂಡದು; ದೂರು ಕೇಳುವ ವ್ಯವಸ್ಥೆ ಇರಬೇಕು. ಅದೇ ತಿಂಗಳ 9ರಂದು ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶು ವಿಭಾಗಕ್ಕೆ ಬೆಂಕಿ ಬಿದ್ದು 10 ಹಸುಗೂಸುಗಳು ಸತ್ತಿದ್ದವು. ಸುರಕ್ಷತೆಯ ಮಾತು ರಾಜ್ಯದಲ್ಲಿ ಕಾವೇರಿದ್ದ ಕಾಲ. ಆದರೂ ಕಾನೂನಿನ ಮೂಲ ವ್ಯಾಖ್ಯೆ ಹಾಗೆಯೇ ಉಳಿಯಿತು. ಹಾಸಿಗೆಯಿರಲಿ ಬಿಡಲಿ, ಎಲ್ಲ ಚಿಕಿತ್ಸಾ ಪದ್ಧತಿಗಳ ಕ್ಲಿನಿಕ್ಕನ್ನೂ ಒಳಗೊಳ್ಳುವ ಕೇಂದ್ರದ ಕಾನೂನು 2010ರಲ್ಲೇ ಬಂದು 2012ರ ಮಾರ್ಚ್ 1ರಿಂದ ಕೆಲವು ರಾಜ್ಯಗಳಲ್ಲಿ ಜಾರಿಯಲ್ಲಿದೆ. ಮಹಾರಾಷ್ಟ್ರ ಅದನ್ನು ಅಳವಡಿಸಿಕೊಳ್ಳಲಿಲ್ಲ. ರಾಜ್ಯದ್ದೇ ಕರಡುಗಳು ಸಿದ್ಧವಾಗಿ, ಚರ್ಚೆಯಾಗಿ, ಕಪಾಟು ಸೇರಿದವು.

ವಿಚಿತ್ರವೆಂದರೆ ತೆರಿಗೆ ಇಲಾಖೆಗೆ ಸೌಂದರ್ಯ ಶಸ್ತ್ರಚಿಕಿತ್ಸೆ ಎಂದರೇನೆಂದು ಚೆನ್ನಾಗಿ ಗೊತ್ತು. 2009ರಲ್ಲೇ ಅದನ್ನು ಪ್ರತ್ಯೇಕ ಸೇವೆಯೆಂದು ಗುರುತಿಸಿ ಸೇವಾ ತೆರಿಗೆ ಹಾಕಲಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ವೈದ್ಯಸೇವೆಗೆ ವಿನಾಯಿತಿ ಸಿಕ್ಕರೂ ಕೂದಲು ಕಸಿ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಹೊರಗಿಟ್ಟು ಶೇ. 18 ತೆರಿಗೆ ಹೇರಲಾಯಿತು. ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ದೋಷ, ಅಪಘಾತದ ಗಾಯ ಸರಿಪಡಿಸುವುದಾದರೆ ಮಾತ್ರ ವಿನಾಯಿತಿ. ಇಷ್ಟು ನಯವಾದ ಗೆರೆಯನ್ನು ಬೊಕ್ಕಸಕ್ಕಾಗಿ ಎಳೆದ ಸರ್ಕಾರಕ್ಕೆ ಸುರಕ್ಷತೆಗಾಗಿ ಎಳೆಯಲು ಸಮಯವಾಗಿಲ್ಲ. ವಿಮೆಯವರೂ ಇದೇ ದಾರಿಯವರು. ಅವರ ನಿಯಮದಲ್ಲಿ ದಿನದ ಚಿಕಿತ್ಸಾಲಯಕ್ಕೆ ಅರ್ಹ ದಾದಿ, ಹೊಣೆ ಹೊತ್ತ ವೈದ್ಯ, ಸ್ವಂತ ಸುಸಜ್ಜಿತ ಆಪರೇಷನ್ ಕೋಣೆ, ದಿನವಹಿ ದಾಖಲೆ ಎಲ್ಲ ಇರಬೇಕು; ಬರಿಯ ಅಂದಕ್ಕಾಗಿ ಮಾಡಿಸಿದ್ದಕ್ಕೆ ಹಣ ಕೊಡುವುದಿಲ್ಲ. ಹೀಗಾಗಿ ವಿಮೆಯ ತಪಾಸಣೆಯೂ ಸೌಂದರ್ಯ ಕ್ಲಿನಿಕ್ಕಿನ ಬಾಗಿಲಿಗೆ ಬರುವುದಿಲ್ಲ.

ದೌಂಡದ ಸ್ಥಿತಿ

ದೌಂಡ ಭೀಮಾ ನದಿಯ ದಂಡೆಯ ತಾಲ್ಲೂಕು ಕೇಂದ್ರ. 2011ರ ಜನಗಣತಿಯಲ್ಲಿ ಜನಸಂಖ್ಯೆ 50 ಸಾವಿರದ ಆಸುಪಾಸು. ಮುಂಬಯಿ–ಚೆನ್ನೈ ರೈಲು ದಾರಿಯಿಂದ ಮನಮಾಡಿನ ದಾರಿ ಇಲ್ಲಿ ಕವಲೊಡೆಯುತ್ತದೆ. ಬಾರಾಮತಿಗೂ ಇಲ್ಲಿಂದ ಹಳಿಯಿದೆ. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ ದಾಟಿ ದೌಂಡದ ಮೇಲೆಯೇ ಪುಣೆಗೆ ಹೋಗುವುದರಿಂದ ಉತ್ತರ ಕರ್ನಾಟಕದವರಿಗೆ ಈ ನಿಲ್ದಾಣದ ಹೆಸರು ಪರಿಚಿತ. ರೈಲ್ವೆ ನೌಕರರು, ರಾಜ್ಯ ಮೀಸಲು ಪೊಲೀಸ್ ಪಡೆಯ ಕುಟುಂಬಗಳು, ಕುರಕುಂಭ ಕೈಗಾರಿಕಾ ಪ್ರದೇಶದ ಕಾರ್ಮಿಕರು, ಸುತ್ತಲಿನ ಕಬ್ಬು ಬೆಳೆಗಾರರು: ಖಾಸಗಿ ಕ್ಲಿನಿಕ್ಕಿಗೆ ದುಡ್ಡು ಕೊಡಬಲ್ಲ ಜನ ಇಲ್ಲಿದ್ದಾರೆ.

ನೋಂದಣಿ ಕೊಡುವ, ತಪಾಸಣೆ ಮಾಡುವ ಅಧಿಕಾರ ಪುಣೆ ಮತ್ತು ಪಿಂಪ್ರಿ-ಚಿಂಚವಾಡಗಳಲ್ಲಿ ಮಹಾನಗರಪಾಲಿಕೆಯ ಆರೋಗ್ಯಾಧಿಕಾರಿಯದು. ದೌಂಡದಂಥ ನಗರಪರಿಷತ್ತಿನ ಊರಿಗೆ ಜಿಲ್ಲಾ ಶಲ್ಯಚಿಕಿತ್ಸಕ, ಅಂದರೆ ಜನ ಸಿವಿಲ್ ಸರ್ಜನ್ ಎನ್ನುವ ಅಧಿಕಾರಿ. ಅವರ ಕಚೇರಿ ಪುಣೆಯ ಔಂಧ್ ಜಿಲ್ಲಾ ಆಸ್ಪತ್ರೆಯಲ್ಲಿದೆ. ಔಷಧ ಅಂಗಡಿ ಮತ್ತು ಚುಚ್ಚುಮದ್ದುಗಳ ತಪಾಸಣೆ ಆಹಾರ ಮತ್ತು ಔಷಧ ಆಡಳಿತದ್ದು, ತ್ಯಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು, ವೈದ್ಯರ ನಡತೆ ಮುಂಬಯಿಯಲ್ಲಿರುವ ಮಹಾರಾಷ್ಟ್ರ ವೈದ್ಯಕೀಯ ಮಂಡಳಿಯದು, ಕಟ್ಟಡ ಮತ್ತು ಬೆಂಕಿಯದು ನಗರಪರಿಷತ್ತಿನದು. ಒಂದೇ ಕೋಣೆಯನ್ನು ಐದು ಕಚೇರಿಗಳು ಹಂಚಿಕೊಂಡಿವೆ. ಪೂರ್ತಿ ಕೋಣೆಯನ್ನು ನೋಡುವವರು ಯಾರೂ ಇಲ್ಲ.

ತ್ಯಾಜ್ಯದ ವಿಷಯದಲ್ಲಿ ಮಾತ್ರ ಹಾಸಿಗೆಯ ಲೆಕ್ಕ ಅಡ್ಡ ಬರುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹಾಸಿಗೆಯಿಲ್ಲದ ಕ್ಲಿನಿಕ್ಕಿಗೂ ಅನ್ವಯಿಸುತ್ತವೆ. ರಕ್ತ ಮೆತ್ತಿದ ಹತ್ತಿ ಮತ್ತು ಕೊಯ್ದು ತೆಗೆದ ಗಂಟು ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಗೆ ಕೆಂಪು ಚೀಲಕ್ಕೆ, ಸೂಜಿ ಮತ್ತು ಬ್ಲೇಡು ಚುಚ್ಚದ ಬಿಳಿ ಡಬ್ಬಿಗೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ. ಸಂಸ್ಕರಿಸದ ದೇಹಭಾಗವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಕೂಡದು. 75 ಕಿ.ಮೀ. ಒಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಸ್ವಂತ ಸುಡುವ ಗೂಡು ಕಟ್ಟುವಂತಿಲ್ಲ. ಪುಣೆಯಿಂದ ದೌಂಡಕ್ಕೆ ಹೆಚ್ಚು ಕಡಿಮೆ ಅಷ್ಟೇ ದೂರ. ತ್ಯಾಜ್ಯದ ಗಾಡಿ ದಿನವೂ ಬಾರದ ಊರಿನಲ್ಲಿ 48 ಗಂಟೆಯ ನಿಯಮ ಎಷ್ಟು ಬಿಗಿಯೆಂದು ಊಹಿಸಬಹುದು.

ಕೈ ಯಾರದು

ಕ್ಲಿನಿಕ್ಕಿನ ಗೋಡೆಗಿಂತ ಕತ್ತಿ ಹಿಡಿದ ಕೈ ಮುಖ್ಯ. ಪ್ಲಾಸ್ಟಿಕ್ ಸರ್ಜನ್ ಆಗಲು ಎಂ.ಬಿ.ಬಿ.ಎಸ್. ಮುಗಿಸಿ, ಮೂರು ವರ್ಷದ ಎಂ.ಎಸ್. ಮುಗಿಸಿ, ಮತ್ತೆ ಮೂರು ವರ್ಷ ಎಂ.ಸಿ.ಎಚ್. ಓದಬೇಕು. ಚರ್ಮವೈದ್ಯರು ಮೂರು ವರ್ಷದ ಎಂ.ಡಿ. ಮಾಡಿರುತ್ತಾರೆ. ಫಲಕಗಳ ಮೇಲೆ ಕಾಣುವ 'ಕಾಸ್ಮೆಟಾಲಜಿಸ್ಟ್' ಎಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾನ್ಯ ಮಾಡಿದ ತಜ್ಞಪದವಿ ಅಲ್ಲ. ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರಕ್ಕೂ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು. ರೋಗಿಗೆ ಅದು ಚಿನ್ನದ ಅಂಚಿನ ಕಾಗದ.

ಕೂದಲು ಕಸಿಯಿಂದ ಹಲವು ಊರುಗಳಲ್ಲಿ ಸಾವುಗಳಾದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿ ಮಾರ್ಗಸೂಚಿ ಹೊರಡಿಸಿತು. ಸೌಂದರ್ಯ ಚಿಕಿತ್ಸೆ ತುರ್ತು ಚಿಕಿತ್ಸೆಯಲ್ಲ, ತಕ್ಕ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರದಲ್ಲಿ ಕೂತು ನೋಡಿ ಕಲಿತದ್ದು ತರಬೇತಿಯೆನಿಸದು ಎಂದು ಅದರಲ್ಲಿದೆ. ಆಯೋಗವೇ ಇದನ್ನು ಬರೆದು ಹೇಳಬೇಕಾಯಿತೆಂದರೆ ಊರಿನಲ್ಲಿ ಏನು ನಡೆಯುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ದಂತ ಮಂಡಳಿ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಾ ತಜ್ಞರೂ ಮುಖದ ಸೌಂದರ್ಯ ಶಸ್ತ್ರಚಿಕಿತ್ಸೆ ಮತ್ತು ಕೂದಲು ಕಸಿ ಮಾಡಬಹುದೆಂದು ಸುತ್ತೋಲೆ ಹೊರಡಿಸಿತು. ಚರ್ಮವೈದ್ಯರು ಇದನ್ನು ವಿರೋಧಿಸಿದರು. ವಾದದಲ್ಲಿ ಎರಡೂ ಕಡೆ ಸ್ವಾರ್ಥವೂ ಇದೆ, ನಿಜವೂ ಇದೆ. ಆದರೆ ಜಗಳ ತಜ್ಞರ ನಡುವೆ ಇದ್ದರೆ, ಕೊನೆಗೆ ಕೂದಲ ಬೇರುಗಳನ್ನು ಒಂದೊಂದಾಗಿ ಕಿತ್ತು ನೆಡುವುದು ಹಲವೆಡೆ ಟೆಕ್ನಿಷಿಯನ್ನರ ಕೈ. ಸಾವಿರಾರು ಬೇರು ನೆಡುವ ಕೆಲಸಕ್ಕೆ ಎಂಟು ಹತ್ತು ಗಂಟೆ ಹಿಡಿಯುತ್ತದೆ. ವೈದ್ಯರು ಅಷ್ಟು ಹೊತ್ತೂ ಕೋಣೆಯಲ್ಲಿ ಇರುತ್ತಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಗಡಿ ತಗಾದೆ ಇದೆ. 2020ರ ನವೆಂಬರಿನಲ್ಲಿ ಶಲ್ಯ ಮತ್ತು ಶಾಲಾಕ್ಯ ವಿಷಯದಲ್ಲಿ ಸ್ನಾತಕೋತ್ತರ ಓದುವ ಆಯುರ್ವೇದ ವೈದ್ಯರಿಗೆ 58 ಶಸ್ತ್ರಕ್ರಿಯೆಗಳ ತರಬೇತಿಯನ್ನು ಭಾರತೀಯ ವೈದ್ಯ ಪದ್ಧತಿಗಳ ಕೇಂದ್ರ ಮಂಡಳಿ ಸ್ಪಷ್ಟವಾಗಿ ಪಟ್ಟಿ ಮಾಡಿತು. ಡಿಸೆಂಬರ್ 11ರಂದು ಭಾರತೀಯ ವೈದ್ಯಕೀಯ ಸಂಘ ದೇಶವ್ಯಾಪಿ ಮುಷ್ಕರ ನಡೆಸಿತು. ಮೂಲವ್ಯಾಧಿ, ಭಗಂದರಗಳಿಗೆ ಕ್ಷಾರಸೂತ್ರ ಹಾಕುವ ಆಯುರ್ವೇದ ಶಲ್ಯತಜ್ಞರು ನುರಿತವರೇ. ಅವರ ಹೆಸರಿನ ನೆರಳಿನಲ್ಲಿ ಬಸ್ ನಿಲ್ದಾಣದ ಬಳಿ 'ಆಪರೇಷನ್ ಇಲ್ಲದೆ ಗ್ಯಾರಂಟಿ' ಎಂದು ಫಲಕ ಹಾಕುವವರದು ಬೇರೆಯೇ ಜಾತಿ. ಮಹಾರಾಷ್ಟ್ರದಲ್ಲಿ ಇವರಿಗೆ 'ಬೋಗಸ್ ಡಾಕ್ಟರ್' ಎಂಬುದೇ ಹೆಸರು. 1961ರ ಮಹಾರಾಷ್ಟ್ರ ವೈದ್ಯಕೀಯ ವೃತ್ತಿಗಾರರ ಕಾನೂನಿನಡಿ ಇವರನ್ನು ಹುಡುಕಿ ಮೊಕದ್ದಮೆ ಹೂಡಲಾಗುತ್ತದೆ. ಒಂದು ಪದ್ಧತಿಯಲ್ಲಿ ನೋಂದಾಯಿಸಿ ಇನ್ನೊಂದರಲ್ಲಿ ಚಿಕಿತ್ಸೆ ಮಾಡಿದರೆ ಅದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲೇ, ಮುಂಬಯಿಯ ಹೋಮಿಯೋಪತಿ ವೈದ್ಯರೊಬ್ಬರ ಪ್ರಕರಣದಲ್ಲಿ, ಹೇಳಿದೆ.

ಕೋಣೆಯೊಳಗೆ

ಸುರಕ್ಷತೆ ಎಂಬುದು ದಿನವೂ ಮಾಡುವ ಬೇಸರದ ಕೆಲಸಗಳ ಮೊತ್ತ. ಉಪಕರಣಗಳನ್ನು ಕುದಿಯುವ ನೀರಿಗೆ ಹಾಕಿದರೆ ಕ್ರಿಮಿಗಳ ಬೀಜಾಣು ಸಾಯುವುದಿಲ್ಲ. ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಗಿಯ ಒತ್ತಡದಲ್ಲಿ 15ರಿಂದ 20 ನಿಮಿಷ ಬೇಯಬೇಕು. ಪೊಟ್ಟಣಕ್ಕೆ ಅಂಟಿಸಿದ ಪಟ್ಟಿ ಬಣ್ಣ ತಿರುಗಿರಬೇಕು. ಶೇ. 2ರ ಗ್ಲುಟರಾಲ್ಡಿಹೈಡಿನಲ್ಲಿ ಇಪ್ಪತ್ತು ನಿಮಿಷ ಅದ್ದಿಟ್ಟರೆ ಸಾಮಾನ್ಯ ಕ್ರಿಮಿ ಸಾಯಬಹುದು. ಪೂರ್ತಿ ನಿರ್ಜೀವವಾಗಲು ಹತ್ತು ಗಂಟೆ ಬೇಕು. ಅವಸರದ ಕ್ಲಿನಿಕ್ಕಿನಲ್ಲಿ ಅದ್ದುವುದಷ್ಟೇ ನಡೆಯುತ್ತದೆ. ಅದ್ದಿದ್ದನ್ನು ನಲ್ಲಿ ನೀರಿನಲ್ಲಿ ತೊಳೆದರೆ ಆ ನೀರಿನಲ್ಲಿರುವ ಕ್ಷಯದ ಸೋದರ ಕ್ರಿಮಿಗಳು ಗಾಯ ಸೇರುತ್ತವೆ. ಇವು ವಾರಗಟ್ಟಲೆ ಸುಮ್ಮನಿದ್ದು, ಹೊಲಿಗೆ ಒಣಗಿತೆಂದು ಎಲ್ಲರೂ ಮರೆತ ಮೇಲೆ ಗಂಟಾಗಿ ಕೀವು ಸುರಿಸುತ್ತವೆ, ಸಾಮಾನ್ಯ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಸೂಜಿಯ ಮರುಬಳಕೆ ಇನ್ನೂ ಕ್ರೂರ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತದ್ದು ಬಳಸಿದ ಸಿರಿಂಜುಗಳಿಂದ.

ಕೊಬ್ಬು ಹೀರುವ ಚಿಕಿತ್ಸೆಯನ್ನು ಕ್ಲಿನಿಕ್ಕಿಗೆ ಇಳಿಸಿದ್ದು ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ಬಳಕೆಗೆ ತಂದ ಕ್ರಮ. ಲಿಗ್ನೋಕೇನ್ ಮತ್ತು ಅಡ್ರಿನಲಿನ್ ಬೆರೆಸಿದ ತೆಳು ದ್ರಾವಣವನ್ನು ಲೀಟರುಗಟ್ಟಲೆ ಕೊಬ್ಬಿಗೆ ತುಂಬಿ, ಅದು ಬಿಗಿದುಕೊಂಡ ಮೇಲೆ ಹೀರುವುದು. ರಕ್ತ ಹೋಗುವುದು ಕಡಿಮೆ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಿಲ್ಲ. ಆದರೆ ಸಾಮಾನ್ಯ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ದೇಹತೂಕದ ಕಿಲೋಗೆ 7 ಮಿ.ಗ್ರಾಂ. ಮೀರಬಾರದ ಲಿಗ್ನೋಕೇನನ್ನು ಇಲ್ಲಿ 55 ಮಿ.ಗ್ರಾಂ. ವರೆಗೂ ಕೊಡುತ್ತಾರೆ, ಮದ್ದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ ಎಂಬ ಲೆಕ್ಕದ ಮೇಲೆ. ಲೆಕ್ಕ ತಪ್ಪಿದರೆ ಸೆಳವು ಬರುತ್ತದೆ, ಹೃದಯ ನಿಲ್ಲುತ್ತದೆ, ಅದೂ ರೋಗಿ ಮನೆ ಸೇರಿದ ಗಂಟೆಗಳ ನಂತರ. ಭಾರತದ ಚರ್ಮವೈದ್ಯರ ಸಂಘದ 2008ರ ಮಾರ್ಗಸೂಚಿ ಒಂದು ಸರದಿಗೆ ಹೀರುವುದು 5 ಲೀಟರ್ ಮೀರಕೂಡದು ಎನ್ನುತ್ತದೆ. ಅದನ್ನು ಬರೆದವರು ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು. ಸಂಘದ ಮಾರ್ಗಸೂಚಿ ಕಾನೂನಲ್ಲ. ಆದರೆ ಅವಘಡವಾದ ಮೇಲೆ ನ್ಯಾಯಾಲಯ ಮೊದಲು ಕೇಳುವುದು ಅದನ್ನೇ.

ಲೇಸರಿನದು ಇನ್ನೊಂದು ವಿಪರ್ಯಾಸ. ಹಲ್ಲಿನ ಎಕ್ಸ್-ರೇ ಯಂತ್ರಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ಮುಖ ಸುಡಬಲ್ಲ ಲೇಸರ್ ಆ ಬಗೆಯ ವಿಕಿರಣವಲ್ಲವಾದ್ದರಿಂದ ಮಂಡಳಿಯ ವ್ಯಾಪ್ತಿಗೆ ಬಾರದು. ನಮ್ಮ ಕಂದು ಚರ್ಮಕ್ಕೆ ಬಿಳಿಯರಿಗೆಂದು ಹೊಂದಿಸಿದ ಶಕ್ತಿ ಹಾಯಿಸಿದರೆ ಕಲೆ ಹೋಗುವ ಬದಲು ಹೊಸ ಕಲೆ ಬರುತ್ತದೆ. ಮೈಬಣ್ಣ ತಿಳಿಯಾಗಲೆಂದು ರಕ್ತನಾಳಕ್ಕೇರಿಸುವ ಗ್ಲುಟಾಥಯೋನಿಗೆ ಭಾರತದಲ್ಲಿ ಆ ಉದ್ದೇಶಕ್ಕಾಗಿ ಅನುಮೋದನೆಯೇ ಇಲ್ಲ. ಮದುವೆ ಕಾಲದಲ್ಲಿ ಅದರ ವ್ಯಾಪಾರ ಮಾತ್ರ ಜೋರು.

ಇನ್ನು ಗುಣಮಟ್ಟದ ಪಟ್ಟಿಗಳು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿಯಲ್ಲಿ ಇರುವುದು 19 ಅಂಶ. ರೋಗಿ ಇವನೇ ಹೌದೇ, ಕೊಯ್ಯುವ ಜಾಗ ಇದೇ ಹೌದೇ, ಯಾವ ಮದ್ದು ಒಗ್ಗುವುದಿಲ್ಲ, ಹತ್ತಿಯುಂಡೆಗಳ ಎಣಿಕೆ ಸರಿಯಾಯಿತೇ ಎಂಬಂಥವು. ದೆಹಲಿ ಸೇರಿ ಎಂಟು ನಗರಗಳ ಅಧ್ಯಯನದಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಿದ್ದರಿಂದಲೇ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಖರ್ಚು ಒಂದು ಹಾಳೆ ಕಾಗದ. 2005ರಲ್ಲಿ ಶುರುವಾದ ರಾಷ್ಟ್ರೀಯ ಆಸ್ಪತ್ರೆ ಮಾನ್ಯತಾ ಮಂಡಳಿಯ (ಎನ್‌ಎಬಿಎಚ್) ಮಾನ್ಯತೆ ಇದಕ್ಕಿಂತ ವಿಸ್ತಾರವಾದದ್ದು, ಸಣ್ಣ ಆಸ್ಪತ್ರೆ ಮತ್ತು ಕ್ಲಿನಿಕ್ಕುಗಳಿಗೂ ಬೇರೆ ಮಾನದಂಡಗಳಿವೆ. ಆದರೆ ಅದು ಸ್ವಇಚ್ಛೆಯದು.

ಕರ್ನಾಟಕದ ದಾರಿ

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನು, ವೈದ್ಯರ ಬಾಯಲ್ಲಿ ಕೆಪಿಎಂಇ, ವ್ಯಾಖ್ಯೆಯಲ್ಲೇ ಹಾಸಿಗೆ ಇರುವ ಅಥವಾ ಇಲ್ಲದ ಎಂಬ ಮಾತು ಸೇರಿಸಿತು. ಕ್ಲಿನಿಕ್, ಪಾಲಿಕ್ಲಿನಿಕ್, ಪ್ರಯೋಗಾಲಯ ಎಲ್ಲವೂ ಒಳಗೆ. 2017ರಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಂದ ತಿದ್ದುಪಡಿಯನ್ನು ವಿರೋಧಿಸಿ ಖಾಸಗಿ ವೈದ್ಯರು ನವೆಂಬರಿನಲ್ಲಿ ಬಾಗಿಲು ಮುಚ್ಚಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಬೀದಿಗಿಳಿದರು. ಕೊನೆಗೆ ಬಂದ ಕಾನೂನು ಮೊದಲಿನ ಕರಡಿಗಿಂತ ಮೆದು. ಆದರೂ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ದೂರು ಪ್ರಾಧಿಕಾರ ಅದರಿಂದ ಬಂತು.

ಒಳ್ಳೆಯ ವ್ಯಾಖ್ಯೆ ಒಂದೇ ಸಾಲದೆಂಬುದಕ್ಕೂ ಕರ್ನಾಟಕವೇ ಸಾಕ್ಷಿ. 2022ರ ಮೇ 16ರಂದು ಬೆಂಗಳೂರಿನ ಖಾಸಗಿ ಸೌಂದರ್ಯ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಸತ್ತರು. ಮನೆಯವರಿಗೆ ತಿಳಿಸದೆ ಹೋಗಿದ್ದಳೆಂದು ಹೆತ್ತವರು ಹೇಳಿದರು. ಪೊಲೀಸರು ಪ್ರಕರಣ ದಾಖಲಿಸಿದರು. ಆರೋಗ್ಯ ಇಲಾಖೆ ಕ್ಲಿನಿಕ್ಕಿಗೆ ನೋಟಿಸು ಕೊಟ್ಟಿತು. ಪಡೆದ ನೋಂದಣಿ ಯಾವ ಬಗೆಯದು, ಮಾಡಿದ ಕೆಲಸ ಅದರೊಳಗೆ ಬರುತ್ತದೆಯೇ ಎಂಬ ಪ್ರಶ್ನೆ ಎದ್ದದ್ದು ಹೆಣ ಹೊರಬಂದ ಮೇಲೆ. ನೋಂದಣಿ ಪುಸ್ತಕದಲ್ಲಿ ಹೆಸರಿರುವುದಕ್ಕೂ ಕೋಣೆಯಲ್ಲಿ ನಡೆಯುವುದಕ್ಕೂ ಇರುವ ಅಂತರವನ್ನು ಯಾವ ಕಾನೂನೂ ತಾನಾಗಿ ಮುಚ್ಚದು.

ಗಡಿಯಾಚೆ ಕಾಸರಗೋಡಿನ ಕನ್ನಡಿಗರು ಕೇರಳದ 2018ರ ಕ್ಲಿನಿಕಲ್ ಸಂಸ್ಥೆಗಳ ಕಾನೂನಿನಡಿ ಬರುತ್ತಾರೆ, ಚಿಕಿತ್ಸೆಗೆ ಮಂಗಳೂರಿಗೆ ಹೋದರೆ ಕೆಪಿಎಂಇ ಅಡಿ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡಿಗರು ಮಹಾರಾಷ್ಟ್ರದ ಕಾನೂನಿನವರು. ರೈಲು ಹತ್ತಿ ಇಳಿದಷ್ಟರಲ್ಲಿ ರೋಗಿಯ ರಕ್ಷಣೆ ಬದಲಾಗುತ್ತದೆ.

ನ್ಯಾಯಾಲಯಗಳು

ಕಾನೂನು ಬಿಟ್ಟ ಜಾಗವನ್ನು ಬಹುಮಟ್ಟಿಗೆ ತುಂಬಿದ್ದು ನ್ಯಾಯಾಲಯಗಳು, ಮೊದಲ ದೊಡ್ಡ ತೀರ್ಪು ಬಂದದ್ದೂ ಪುಣೆಯ ಪ್ರಕರಣದಲ್ಲೇ. 1953ರ ಮೇ ತಿಂಗಳಲ್ಲಿ ರತ್ನಾಗಿರಿ ಜಿಲ್ಲೆಯ ಪಾಲ್‌ಶೇತ ಕಡಲ ದಂಡೆಯಲ್ಲಿ ತೊಡೆಮೂಳೆ ಮುರಿದುಕೊಂಡ ಯುವಕನೊಬ್ಬನನ್ನು ಪುಣೆಯ ಖಾಸಗಿ ಆಸ್ಪತ್ರೆಗೆ ತಂದರು. ಸರಿಯಾಗಿ ಅರಿವಳಿಕೆ ಕೊಡದೆ ಮೂಳೆ ಎಳೆದು ಕೂರಿಸಿದರು. ಹುಡುಗ ಆಘಾತದಿಂದ ಸತ್ತ. ತಂದೆ ಹೂಡಿದ ದಾವೆ 1968ರ ಮೇ 2ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಪರಿಹಾರ 3,000 ರೂಪಾಯಿ. ಜೋಶಿ–ಗೋಡಬೋಲೆ ಪ್ರಕರಣವೆಂದು ಇಂದಿಗೂ ಉಲ್ಲೇಖಿಸುವ ಆ ತೀರ್ಪು ವೈದ್ಯನ ಮೂರು ಹೊಣೆಗಳನ್ನು ಬಿಡಿಸಿ ಹೇಳಿತು: ಈ ರೋಗಿಯನ್ನು ಒಪ್ಪಿಕೊಳ್ಳಬೇಕೇ, ಯಾವ ಚಿಕಿತ್ಸೆ ಕೊಡಬೇಕು, ಅದನ್ನು ಹೇಗೆ ಕೊಡಬೇಕು. ಸೌಂದರ್ಯ ಚಿಕಿತ್ಸೆಗೆ ಮೊದಲನೆಯದೇ ಎಲ್ಲಕ್ಕಿಂತ ಭಾರವಾದದ್ದು. ಮಾಡದೆ ಕಳಿಸಿದ್ದರೆ ಯಾರೂ ಸಾಯುತ್ತಿರಲಿಲ್ಲ ಎಂಬ ಮಾತನ್ನು ಇಲ್ಲಿ ಮಾತ್ರ ಆಡಬಹುದು.

ಹಣ ಕೊಟ್ಟು ಪಡೆದ ವೈದ್ಯಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು 1995ರ ನವೆಂಬರ್ 13ರ ಶಾಂತಾ ಪ್ರಕರಣದ ತೀರ್ಪು ಖಚಿತಪಡಿಸಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ವೈದ್ಯರನ್ನು ಸುಮ್ಮಸುಮ್ಮನೆ ಬಂಧಿಸದಂತೆ ತಡೆ ಹಾಕಿ, ಕ್ರಿಮಿನಲ್ ಮೊಕದ್ದಮೆಗೆ ಮೊದಲು ಸ್ವತಂತ್ರ ವೈದ್ಯಾಭಿಪ್ರಾಯ ಬೇಕೆಂದಿತು. 2008ರ ಸಮೀರಾ ಕೊಹ್ಲಿ ತೀರ್ಪಿನಂತೆ ಒಪ್ಪಿಗೆಯೆಂದರೆ ಬರಿಯ ಸಹಿ ಅಲ್ಲ. ಚಿಕಿತ್ಸೆಯ ಬಗೆ, ಅಪಾಯ, ಬೇರೆ ದಾರಿಗಳು ರೋಗಿಗೆ ತಿಳಿಯುವಂತೆ ಹೇಳಿರಬೇಕು. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅಚ್ಚು ಹಾಕಿಸಿದ ಹಾಳೆಗೆ ಕನ್ನಡ ಮಾತ್ರ ಬಲ್ಲವರ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಈ ಅಳತೆಗೆ ನಿಲ್ಲದು.

ಜಾಹೀರಾತು

ಆಯೋಗಕ್ಕೆ ಮೊದಲಿದ್ದ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆ ರೋಗಿಗಳನ್ನು ಕರೆಯುವ ಜಾಹೀರಾತನ್ನೂ ದಲ್ಲಾಳಿ ಕಮಿಷನ್ನನ್ನೂ ನಿಷೇಧಿಸುತ್ತದೆ. ಅದರ ಜಾಗಕ್ಕೆ 2023ರ ಆಗಸ್ಟಿನಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದದ್ದರಿಂದ ಹಳೆಯದೇ ಮರಳಿತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾನೂನು ಬೊಜ್ಜು, ತೊನ್ನು, ಎತ್ತರ, ಸ್ತನದ ಆಕಾರ ಇವಕ್ಕೆ ಔಷಧವಿದೆಯೆಂದು ಸಾರುವುದನ್ನು ತಡೆಯುತ್ತದೆ. ನೀತಿಸಂಹಿತೆ ಕಟ್ಟಿಹಾಕುವುದು ವೈದ್ಯನನ್ನು. ಕ್ಲಿನಿಕ್ಕಿನ ಒಡೆಯ ವೈದ್ಯನೇ ಅಲ್ಲದಿದ್ದರೆ ಅವನು ಮೊಬೈಲಿನಲ್ಲಿ 'ಮೊದಲು–ಆಮೇಲೆ' ಚಿತ್ರಗಳನ್ನು ಹರಿಬಿಡುತ್ತಲೇ ಇರುತ್ತಾನೆ.

ಹೊರದೇಶಗಳು

ಫ್ರಾನ್ಸಿನ ಪಿಐಪಿ ಕಂಪನಿ ಸ್ತನದೊಳಗೆ ಕೂರಿಸುವ ಇಂಪ್ಲಾಂಟುಗಳಲ್ಲಿ ಕೈಗಾರಿಕಾ ದರ್ಜೆಯ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾದ ಮೇಲೆ ಬ್ರಿಟನ್ನಿನಲ್ಲಿ ಸೌಂದರ್ಯ ಚಿಕಿತ್ಸೆಗಳ ನಿಯಂತ್ರಣ ಕುರಿತ 2013ರ ಕಿಯೋ ವರದಿ ಬಂತು. ಸ್ಕಾಟ್ಲೆಂಡ್ 2016ರ ಏಪ್ರಿಲ್‌ನಿಂದ ಖಾಸಗಿ ಕ್ಲಿನಿಕ್ಕುಗಳನ್ನು ನೋಂದಣಿಗೆ ಒಳಪಡಿಸಿತು. ಆಸ್ಟ್ರೇಲಿಯಾ 2023ರಲ್ಲಿ ತಕ್ಕ ತರಬೇತಿಯಿಲ್ಲದ ವೈದ್ಯರು 'ಸರ್ಜನ್' ಎಂದು ಕರೆದುಕೊಳ್ಳದಂತೆ ಕಾನೂನು ಮಾಡಿತು. ಮೂರರಲ್ಲಿ ನಮಗೆ ಸುಲಭವಾಗಿ ಒಗ್ಗುವುದು ಕೊನೆಯದು; ಫಲಕದ ಮೇಲಿನ ಒಂದು ಪದವನ್ನು ಕಾಯುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ರೋಗಿಯ ಕೈಯಲ್ಲಿರುವುದು

ವೈದ್ಯರ ನೋಂದಣಿ ಸಂಖ್ಯೆಯನ್ನು ಮಹಾರಾಷ್ಟ್ರ ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ನೀತಿಸಂಹಿತೆ ಹೇಳುತ್ತದೆ. ಆದರೆ ಮೂರು ವರ್ಷ ದಾಖಲೆ ಕಾಪಿಡುವ ಹೊಣೆಯನ್ನು ಅದು ಹಾಕುವುದು ಒಳರೋಗಿಗಳ ಮಟ್ಟಿಗೆ. ಇಲ್ಲಿಯೂ ಮತ್ತೆ ಹಾಸಿಗೆ. ಹಾಗಾಗಿ ದಿನದ ಚಿಕಿತ್ಸೆಯ ಕಾಗದಗಳನ್ನು ಅಂದೇ ಪಡೆಯುವುದು ಮೇಲು. 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ದೂರನ್ನು ಚಿಕಿತ್ಸೆ ನಡೆದ ಊರಿನಲ್ಲೇ ಕೊಡಬೇಕೆಂದಿಲ್ಲ. ದೌಂಡದಲ್ಲೋ ಪುಣೆಯಲ್ಲೋ ಚಿಕಿತ್ಸೆ ಪಡೆದ ಕಲಬುರಗಿಯವರು ಕಲಬುರಗಿಯ ಜಿಲ್ಲಾ ಆಯೋಗದಲ್ಲೇ, ಎರಡು ವರ್ಷದೊಳಗೆ, ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಅಲ್ಲಿ ಮೊದಲು ಕೇಳುವುದು ಹಣ ಕೊಟ್ಟದ್ದಕ್ಕೆ ಪುರಾವೆ. ತೆರಿಗೆ ಉಳಿಸಿಕೊಡುತ್ತೇವೆ, ಬಿಲ್ಲು ಬೇಡ ಬಿಡಿ ಎಂದು ಕ್ಲಿನಿಕ್ಕಿನವರು ಹೇಳಿದರೆ ಒಪ್ಪಬೇಡಿ. ಜಿಎಸ್‌ಟಿ ನಮೂದಿಸಿದ, ಚಿಕಿತ್ಸೆಯ ಹೆಸರೂ ವೈದ್ಯರ ನೋಂದಣಿ ಸಂಖ್ಯೆಯೂ ಇರುವ ಬಿಲ್ಲನ್ನೇ ಕೇಳಿ ಪಡೆಯಿರಿ.